ಭರಣಿಯ ವಯಸ್ಸು

ಹಳೆಯ ಮನೆಗಳಲ್ಲಿ ವಸ್ತುಗಳಿಗಿಂತ ವಸ್ತುಗಳ ಕಥೆಗಳೇ ಹೆಚ್ಚು. ಹಂಡೆಗೊಂದು ಕಥೆ, ತೊಟ್ಟಿಲಿಗೊಂದು ಕಥೆ, ಪೂಜೆಯ ಕೋಣೆಯ ದೀಪಕ್ಕೊಂದು ಕಥೆ. ಹಿರಿಯರು ಹೇಳಿದರು, ನಾವು ಕೇಳಿದೆವು. ನಾವು ಹೇಳಿದೆವು, ಮಕ್ಕಳು ಕೇಳಿದರು. ಈ ಹೇಳಿಕೆ ಕೇಳಿಕೆಗಳ ನಡುವೆ ಸತ್ಯವೆಷ್ಟು ಉಳಿಯಿತು, ಅಭಿಮಾನವೆಷ್ಟು ಸೇರಿತು ಎಂದು ತೂಗಿ ನೋಡುವ ಪ್ರಸಂಗ ಎಲ್ಲರಿಗೂ ಬರುವುದಿಲ್ಲ. ನಮಗೆ ಬಂದಿತು. ಅದನ್ನು ಓದುಗ ಬಂಧುಗಳ ಮುಂದೆ ನಿವೇದಿಸಿಕೊಳ್ಳುವುದು ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮೂಲಮನೆ ಇರುವುದು ಸುಳ್ಯದ ಸೀಮೆಯಲ್ಲಿ, ಪಯಸ್ವಿನಿ ನದಿಯಿಂದ ಹೆಚ್ಚು ದೂರವಲ್ಲದ ಅಡಿಕೆ ತೋಟದ ನಡುವೆ. ಆ ಮನೆಯ ಉಗ್ರಾಣದಲ್ಲಿ ಒಂದೂವರೆ ಅಡಿ ಎತ್ತರದ ಭರಣಿಯೊಂದಿತ್ತು. ಬಯಲುಸೀಮೆಯ ಬಂಧುಗಳು ಜಾಡಿ ಎನ್ನುವುದನ್ನೇ ಈ ಕಡೆ ಭರಣಿ ಎನ್ನುತ್ತಾರೆ. ಕುತ್ತಿಗೆಯಿಂದ ಹೆಗಲಿನವರೆಗೆ ಜೇನಿನ ಬಣ್ಣ, ಅಲ್ಲಿಂದ ಬುಡದವರೆಗೆ ಕೆನೆಯ ಬಣ್ಣ. ಬೇಸಿಗೆಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಅದರಲ್ಲಿ ತುಂಬಿದರೆ ಆಟಿಯ ಮಳೆ ಮುಗಿಯುವವರೆಗೆ ಪಲ್ಯಕ್ಕೂ ಹುಳಿಗೂ ಅದೇ ಆಧಾರ. ತೋಡು ತುಂಬಿ ಪೇಟೆಯ ದಾರಿ ಮುಚ್ಚಿದ ದಿನಗಳಲ್ಲಿ ಮನೆಯವರೂ ಕೆಲಸದವರೂ ಬಂದ ಜಂಗಮರೂ ಉಂಡದ್ದು ಆ ಭರಣಿಯಿಂದಲೇ.

ಅದರ ಕಥೆ ಹೀಗಿತ್ತು: ಅಮರ ಸುಳ್ಯವು ಕೊಡಗಿನ ಹಾಲೇರಿ ಅರಸರ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ ನಮ್ಮ ವಂಶದ ಹಿರಿಯರೊಬ್ಬರು ಕಂದಾಯದ ಕೆಲಸ ನೋಡುತ್ತಿದ್ದರಂತೆ. ಅವರ ನಿಷ್ಠೆಗೆ ಮೆಚ್ಚಿದ ಅರಸರು ಮಡಿಕೇರಿಯ ಅರಮನೆಯಿಂದ ಜೇನುತುಪ್ಪ ತುಂಬಿದ ಚೀನಾ ಭರಣಿಯನ್ನು ಕಳುಹಿಸಿದರಂತೆ. ಹಾಲೇರಿ ಅರಸರು ಲಿಂಗಾಯತರು. ನಮ್ಮವರ ಕೈಯಿಂದ ನಮ್ಮವರಿಗೆ ಬಂದ ಪ್ರಸಾದವೆಂದು ತಂದೆಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ನಂತರ ನಾವು ಹೇಳಿದೆವು. ಮಗನ ನಿಶ್ಚಿತಾರ್ಥಕ್ಕೆ ಬಂದ ಬೀಗರನ್ನು ಉಗ್ರಾಣಕ್ಕೇ ಕರೆದೊಯ್ದು ತೋರಿಸಿದೆವು. ಅಜ್ಜಿಯವರು ಬದುಕಿದ್ದಾಗ ಈ ಕಥೆ ನಡೆಯುವ ಹೊತ್ತಿಗೆ ಮಜ್ಜಿಗೆಯ ಲೋಟಗಳನ್ನು ಇಟ್ಟು ಒಳಗೆ ಹೋಗಿಬಿಡುತ್ತಿದ್ದರು. ಅದರ ಅರ್ಥ ಆಗ ನಮಗೆ ಹೊಳೆಯಲಿಲ್ಲ.

ಹನ್ನೆರಡು ವರ್ಷಗಳ ಹಿಂದೆ ನಮಗೂ ನಮ್ಮ ತಮ್ಮನಿಗೂ ಪಾಲಾಯಿತು. ಭೂಮಿಯ ವಿಚಾರದಲ್ಲಿ ತಕರಾರು ಬರಲಿಲ್ಲ. ಚರವಸ್ತುಗಳ ಸರದಿ ಬಂದಾಗ ಬೀಟೆ ಮರದ ಪತ್ತಾಯ ಮತ್ತು ಎರಡು ತಾಮ್ರದ ಹಂಡೆಗಳನ್ನು ನಾವು ಇಟ್ಟುಕೊಂಡು, ಅದಕ್ಕೆ ಸಮನಾಗಿ ಭರಣಿಯನ್ನು ತಮ್ಮನ ಪಾಲಿಗೆ ಬರೆಯಿಸಿದೆವು. ಅರಸರ ಕೊಡುಗೆಗೆ ಬೆಲೆ ಕಟ್ಟಲಾದೀತೇ ಎಂದು ಅಂದು ಹೇಳಿದವರೂ ನಾವೇ. ತಮ್ಮನು ಮರುಮಾತಾಡದೆ ಭರಣಿಯನ್ನು ವೈಹುಲ್ಲಿನಲ್ಲಿ ಸುತ್ತಿ ಕಡಬದ ತನ್ನ ಮನೆಗೆ ಒಯ್ದನು.

ಕಳೆದ ಮಳೆಗಾಲಕ್ಕೆ ಮುಂಚೆ ಅವನು ನಮ್ಮಲ್ಲಿಗೆ ಬಂದನು. ಮಗಳ ಉಚ್ಚಶಿಕ್ಷಣಕ್ಕೆ ಹಣ ಒದಗಿಸಬೇಕಾಗಿತ್ತು. ಅಡಿಕೆಗೆ ರೋಗ ಬಂದು ಫಸಲು ಕೈಗೆ ಹತ್ತಿರಲಿಲ್ಲ. ಹಳೆಯ ವಸ್ತುಗಳನ್ನು ಕೊಳ್ಳುವವನೊಬ್ಬನು ಭರಣಿಯನ್ನು ನೋಡಿ ದೊಡ್ಡ ಮೊತ್ತ ಹೇಳಿದ್ದನು. ಆದರೆ ಅವನದೊಂದು ಷರತ್ತು: ಇದು ಹಾಲೇರಿ ಅರಸರ ಕಾಲದ್ದೆಂದು ಮನೆಯ ಹಿರಿಯರು ಕಾಗದದಲ್ಲಿ ಬರೆದು ಸಹಿ ಮಾಡಿಕೊಡಬೇಕು. ಆ ಸಹಿಗಾಗಿ ತಮ್ಮನು ಬಂದಿದ್ದನು. ಬಾಯಿಮಾತಿನಲ್ಲಿ ನೂರು ಸಲ ಹೇಳಿದ್ದನ್ನು ಒಂದು ಸಲ ಬರೆಯಬೇಕಾಗಿ ಬಂದಾಗ ಲೇಖನಿ ಏಕೋ ಹಿಂಜರಿಯಿತು. ಒಂದು ವಾರದ ಅವಧಿ ಕೇಳಿ, ಭರಣಿಯನ್ನು ತರಿಸಿಕೊಂಡು, ಸುಳ್ಯದಲ್ಲಿ ನೆಲೆಸಿರುವ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರನ್ನು ಮನೆಗೆ ಕರೆದೆವು.

ಅವರು ಕಥೆಯನ್ನು ಕೇಳಲಿಲ್ಲ. ಮೊದಲು ಭರಣಿಯನ್ನು ಬಿಸಿಲಿಗೆ ತರಿಸಿ, ಬೆರಳ ಗೆಣ್ಣಿನಿಂದ ಮೆಲ್ಲನೆ ಬಡಿದರು. ಗಂಟೆಯಂಥ ನಾದ ಬಂದಿತು. ಕುಂಬಾರ ಗುಂಡಯ್ಯನವರು ಮಡಕೆಯನ್ನು ನುಡಿಸಿದಾಗ ಶಿವನೇ ಕುಣಿದನೆಂದು ಹರಿಹರ ಕವಿ ರಗಳೆಯಲ್ಲಿ ಹಾಡಿರುವುದು ನಮಗೆ ನೆನಪಾಯಿತು. ಅಧ್ಯಾಪಕರು ಆ ನಾದಕ್ಕೆ ಬೇರೆ ಅರ್ಥ ಹೇಳಿದರು. ಬಿರುಕು ಬಿಟ್ಟ ಪಾತ್ರೆ ಬೊಕ್ಕೆಂದು ನುಡಿಯುತ್ತದೆ, ಇದು ಬಿರುಕಿಲ್ಲದ್ದು. ಅಲ್ಲದೆ ನಮ್ಮ ಕುಂಬಾರರ ಮಡಕೆ ಸಾಮಾನ್ಯವಾಗಿ ಸಾವಿರ ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಸುಡಲ್ಪಟ್ಟು ನೀರನ್ನು ಹೀರುತ್ತದೆ, ಆದುದರಿಂದಲೇ ಅದರಲ್ಲಿಟ್ಟ ನೀರು ತಂಪು. ಸ್ಟೋನ್‌ವೇರ್ ಎನಿಸಿಕೊಳ್ಳುವ ಇಂಥ ಭರಣಿ ಸುಮಾರು ಸಾವಿರದ ಇನ್ನೂರು ಡಿಗ್ರಿ ಶಾಖದಲ್ಲಿ ಬೆಂದು ಕಲ್ಲಿನಂತಾಗುತ್ತದೆ. ಉಪ್ಪೂ ಹುಳಿಯೂ ಅದರೊಳಗೆ ಇಳಿಯುವುದಿಲ್ಲ.

ಚೀನಾ ಭರಣಿ ಈ ಕರಾವಳಿಗೆ ಬರಲೇ ಇಲ್ಲವೆಂದು ಅವರು ಹೇಳಲಿಲ್ಲ. ಬರ್ಮಾ ದೇಶದ ಮರ್ತಬಾನ್ ಬಂದರಿನ ಹೆಸರು ಹೊತ್ತ ದೊಡ್ಡ ಜಾಡಿಗಳು ಶತಮಾನಗಳ ಕಾಲ ಹಿಂದೂ ಮಹಾಸಾಗರದಲ್ಲೆಲ್ಲ ಸಂಚರಿಸಿದವು. 14ನೆಯ ಶತಮಾನದಲ್ಲಿ ಮಂಗಳೂರನ್ನು ಕಂಡು ಹೋದ ಇಬ್ನ್ ಬತೂತನು, ಶುಂಠಿ, ಮೆಣಸು, ನಿಂಬೆ, ಮಾವುಗಳನ್ನು ಉಪ್ಪಿನಲ್ಲಿ ಹಾಕಿ ಕಡಲಯಾನಕ್ಕೆಂದು ತುಂಬಿಟ್ಟ ಮರ್ತಬಾನ್ ಜಾಡಿಗಳ ವಿಷಯವನ್ನು ಬರೆದಿದ್ದಾನೆ. ಆದರೆ ಅಂಥವು ಸಾಮಾನ್ಯವಾಗಿ ಕಪ್ಪು ಇಲ್ಲವೆ ಕಡು ಕಂದು ಬಣ್ಣದವು. ಮುಚ್ಚಳವನ್ನು ಬಿಗಿದು ಕಟ್ಟಲು ಹೆಗಲ ಮೇಲೆ ಚಿಕ್ಕ ಕಿವಿಗಳಿರುತ್ತವೆ. ನಮ್ಮ ಭರಣಿಗೆ ಕಿವಿಗಳಿಲ್ಲ, ಬಣ್ಣವೂ ಬೇರೆ.

ಆ ಬಣ್ಣವೇ ನಮ್ಮ ಕಥೆಗೆ ಮುಳುವಾಯಿತು. ಹಿಂದೆ ಯುರೋಪಿನಲ್ಲಿ ಇಂಥ ಪಾತ್ರೆಗಳಿಗೆ ಹೊಳಪು ಬರಿಸಲು ಉರಿಯುವ ಒಲೆಯೊಳಗೆ ಉಪ್ಪನ್ನು ಎಸೆಯುತ್ತಿದ್ದರಂತೆ. ಆಗ ಮೈಯೆಲ್ಲ ಕಿತ್ತಳೆಯ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿಗಳಾಗುತ್ತಿದ್ದವು. 1835ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ಪೊವೆಲ್ ಎಂಬವನು ಪಾತ್ರೆಯನ್ನು ದ್ರವರೂಪದ ಲೇಪದಲ್ಲಿ ಅದ್ದಿ ಸುಡುವ ಕ್ರಮವನ್ನು ಬಳಕೆಗೆ ತಂದನು. ಮೇಲರ್ಧವನ್ನು ಕಂದು ಲೇಪದಲ್ಲಿ, ಕೆಳಗಿನರ್ಧವನ್ನು ಬಿಳಿ ಲೇಪದಲ್ಲಿ ಅದ್ದುವ ಈ ಎರಡು ಬಣ್ಣದ ಮಾದರಿ ಆ ಬಳಿಕ ಹಬ್ಬಿತು. ನಮ್ಮ ಭರಣಿಯ ಮೈ ನುಣುಪು. ಹೆಗಲ ಬಳಿ ಎರಡು ಬಣ್ಣಗಳು ಕೂಡುವ ಗೆರೆ ಸ್ಪಷ್ಟ. ಹಾಲೇರಿಯ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಪದಚ್ಯುತನಾದದ್ದು 1834ರಲ್ಲಿ. ಲೇಪ ಹುಟ್ಟುವ ಹೊತ್ತಿಗೆ ಅರಸೊತ್ತಿಗೆಯೇ ಉಳಿದಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವಂತೆ ಮೂರು ತಲೆಮಾರು ಕಟ್ಟಿದ ಕಥೆ ಜಗಲಿಯ ಮೇಲೆ ಒಂದೇ ಮಾತಿಗೆ ಒಡೆಯಿತು.

ಮತ್ತೆ ಅವರು ಭರಣಿಯನ್ನು ಬೋರಲು ಹಾಕಿ ಬುಡವನ್ನು ತೇವದ ಬಟ್ಟೆಯಿಂದ ಒರೆಸಿದರು. ಹಳೆಯ ಸುಣ್ಣ, ಉಪ್ಪಿನ ಪೊರೆ ಎದ್ದ ಮೇಲೆ ಅಂಡಾಕಾರದ ಮುದ್ರೆಯ ಗುರುತು ಕಾಣಿಸಿತು. ಅಕ್ಷರಗಳಲ್ಲಿ ಓದಲು ಬಂದದ್ದು ಇಂಡಿಯಾ ಎಂಬುದೊಂದೇ. ಇಪ್ಪತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಖುರ್ಜಾ, ಗುಜರಾತಿನ ಥಾನ್‌ಗಢ, ತಮಿಳುನಾಡಿನ ರಾಣಿಪೇಟೆ ಮೊದಲಾದ ಊರುಗಳಿಂದ ಇಂಥ ಸಾಮಗ್ರಿ ದೇಶದ ಸಂತೆಗಳಿಗೆಲ್ಲ ಹರಿದು ಬಂತು. ಇಂಡಿಯಾ ಎಂದಿದ್ದ ಮಾತ್ರಕ್ಕೆ ಸ್ವಾತಂತ್ರ್ಯಾನಂತರದ್ದೆನ್ನುವಂತಿಲ್ಲ. ಸ್ವದೇಶಿ ಚಳವಳಿಯ ಬಳಿಕ ಆ ಹೆಸರನ್ನು ಹೆಮ್ಮೆಯಿಂದ ಒತ್ತಿದವರೂ ಇದ್ದರು.

ಬರೆದಿರುವ ವರ್ಷವನ್ನೇ ನಂಬಿ ಕೆಡುವುದೂ ಉಂಟೆಂದು ಅವರು ನಮ್ಮ ಮಾಡನ್ನು ತೋರಿಸಿದರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದನು. 1865 ಎಂದು ಒತ್ತಿದ ಹಂಚು ಕಂಡಾಗ ಮನೆಯೇ ಆ ವರ್ಷದ್ದೆಂದು ಹಲವರು ಲೆಕ್ಕ ಹಾಕುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚು ಹುಟ್ಟಿದ ವರ್ಷವಲ್ಲ.

ಹಾಗಾದರೆ ನಿಜವಾದ ವಯಸ್ಸನ್ನು ತಿಳಿಯುವುದು ಹೇಗೆಂದು ಕೇಳಿದೆವು. ಸುಟ್ಟ ಮಣ್ಣಿನಲ್ಲಿ ವರ್ಷವರ್ಷವೂ ಕೂಡಿಕೊಂಡ ವಿಕಿರಣದ ಶಕ್ತಿಯನ್ನು ಬೆಳಕಾಗಿ ಹೊರಡಿಸಿ ಅಳೆಯುವ ಥರ್ಮೋಲ್ಯೂಮಿನೆಸೆನ್ಸ್ ಎಂಬ ವಿಧಾನವಿದೆ. ಆದರೆ ಅದಕ್ಕೆ ಪಾತ್ರೆಯ ಮೈಯಿಂದ ಚೂರು ತೆಗೆಯಬೇಕು. ಅದಕ್ಕಿಂತ ಮುಖ್ಯವಾದುದು ವಸ್ತು ಇದ್ದ ಜಾಗ. ಮೂಡುಬಿದಿರೆಯ ಬಳಿಯ ಮೂಡುಕೊಣಾಜೆಯಲ್ಲಿ 2022ರಲ್ಲಿ ಪ್ರೊ. ಟಿ. ಮುರುಗೇಶಿಯವರು ಸುಟ್ಟ ಮಣ್ಣಿನ ಗೊಂಬೆಗಳನ್ನು ಕಂಡದ್ದು ಬೃಹತ್ ಶಿಲಾಯುಗದ ಕಲ್ಮನೆಗಳ ತಾಣದಲ್ಲಿ. ಅವು ಕ್ರಿಸ್ತಪೂರ್ವ 800ರಿಂದ 700ರ ನಡುವಿನವೆಂದು ಹೇಳಲು ಆ ತಾಣದ ಸಾಕ್ಷ್ಯ ನೆರವಾಯಿತು. ಅದೇ ಗೊಂಬೆ ಅಂಗಡಿಯೊಂದರಲ್ಲಿ ಸಿಕ್ಕಿದ್ದರೆ ಅರ್ಧ ಮೂಕವಾಗಿರುತ್ತಿತ್ತು. ಮನೆಯ ವಸ್ತುವಿಗೆ ಭೂಮಿಯ ಪದರಗಳಿಲ್ಲ. ಅದರ ಪದರಗಳು ಮನೆಯ ಕಡತಗಳು. ಹಳೆಯ ಲೆಕ್ಕದ ಪುಸ್ತಕಗಳಿದ್ದರೆ ಹುಡುಕಿರೆಂದು ಹೇಳಿ ಅವರು ಹೊರಟರು.

ಕಡತಗಳು ಎಲ್ಲಿದ್ದವು ಬಲ್ಲಿರಾ? ನಾವು ಪಾಲಿನಲ್ಲಿ ಇಟ್ಟುಕೊಂಡ ಪತ್ತಾಯದ ತಳದಲ್ಲಿ. ಹನ್ನೆರಡು ವರ್ಷ ಅದರ ಮೇಲೆ ಹಾಸಿಗೆಗಳನ್ನು ಪೇರಿಸಿದ್ದೆವೇ ಹೊರತು ಒಳಗೆ ಇಣುಕಿರಲಿಲ್ಲ. ಎರಡು ರಾತ್ರಿ ಓದಿದ ಮೇಲೆ, ಅಜ್ಜಿಯವರ ಗುಂಡು ಅಕ್ಷರದಲ್ಲಿ ಒಂದು ಸಾಲು ಸಿಕ್ಕಿತು. ವಿಕ್ರಮ ಸಂವತ್ಸರ, ಪುತ್ತೂರಿನ ಜಾತ್ರೆ, ಎರಡು ಬಣ್ಣದ ಭರಣಿ ಒಂದು, ಎರಡೂವರೆ ರೂಪಾಯಿ, ತುಪ್ಪ ಮಾರಿದ ಹಣದಿಂದ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ವಿಕ್ರಮವು 1880ರಲ್ಲೂ ಬಂದಿತ್ತು, 1940ರಲ್ಲೂ ಬಂದಿತ್ತು. 1880ರಲ್ಲಿ ಅಜ್ಜಿಯವರು ಹುಟ್ಟಿರಲೇ ಇಲ್ಲ. 1940ರ ವೇಳೆಗೆ ಅವರು ವಿಧವೆಯಾಗಿ, ಮೂರು ಮಕ್ಕಳನ್ನೂ ಸಾಲದ ತೋಟವನ್ನೂ ನೋಡಿಕೊಂಡಿದ್ದರು. ಹಿಂದುಮುಂದಿನ ಪುಟಗಳಲ್ಲಿ ವಾರವಾರವೂ ಮಾರಿದ ತುಪ್ಪದ ಲೆಕ್ಕವಿತ್ತು.

ಮಜ್ಜಿಗೆಯ ಲೋಟವಿಟ್ಟು ಒಳಗೆ ಹೋಗುತ್ತಿದ್ದವರ ಮುಖ ಆ ರಾತ್ರಿ ಕಣ್ಣೆದುರು ಬಂದಿತು. ತಮ್ಮ ಕಾಯಕದ ಭರಣಿಯನ್ನು ಮನೆಯ ಗಂಡಸರು ಅರಸರಿಗೆ ಒಪ್ಪಿಸಿದ್ದನ್ನು ಅವರು ಕೇಳಿಯೂ ಸುಮ್ಮನಿದ್ದರು. ಅರಸರ ಹೆಸರಿನಲ್ಲಿ ಬರುವ ಗೌರವ ಮನೆಗಿರಲೆಂದೋ, ಹೇಳಿದರೂ ಕೇಳುವವರಿಲ್ಲವೆಂದೋ ತಿಳಿಯದು.

ತಮ್ಮನಿಗೆ ಎಲ್ಲವನ್ನೂ ತಿಳಿಸಿದೆವು. ಸಹಿ ಮಾಡಲಿಲ್ಲ. ನಮ್ಮ ಕಥೆ ನಿಜವಾಗಿದ್ದರೂ ಆ ವ್ಯಾಪಾರ ನೆಟ್ಟಗಾಗುತ್ತಿರಲಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಬಂದವನ ಬಳಿ ಪರವಾನಗಿಯೇ ಇರಲಿಲ್ಲ. ಅವನು ಮತ್ತೆ ಬರಲಿಲ್ಲ.

ಉಳಿದದ್ದು ನಮ್ಮ ಲೆಕ್ಕ. ಬಲ್ಲವರಿಂದ ಪತ್ತಾಯಕ್ಕೂ ಹಂಡೆಗಳಿಗೂ ಬೆಲೆ ಕಟ್ಟಿಸಿ, ಅದರ ಅರ್ಧವನ್ನು ತಮ್ಮನ ಮುಂದಿಟ್ಟೆವು. ಅವನು ಬೇಡವೆಂದನು. ಇದು ದಾನವಲ್ಲ, ಹನ್ನೆರಡು ವರ್ಷ ತಡವಾದ ಪಾಲು ಎಂದು ನಮ್ಮ ಮನೆಯವರು ಹೇಳಿದ ಮೇಲೆ ಒಪ್ಪಿದನು. ಅಷ್ಟರಿಂದ ಮಗುವಿನ ಶುಲ್ಕವೆಲ್ಲ ಸಲ್ಲಲಿಲ್ಲ. ಮೊದಲ ವರ್ಷದ್ದು ಸಂದಿತು. ಮುಂದಿನದನ್ನು ಕೂಡಿಯೇ ನೋಡಿಕೊಳ್ಳುವುದೆಂದು ಮಾತಾಗಿದೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಹಳೆಯ ಪಾತ್ರೆಯನ್ನು ಒಮ್ಮೆ ಬೋರಲು ಹಾಕಿ ನೋಡಿರಿ. ಬುಡದ ಗುರುತನ್ನು ಉಜ್ಜಿ ಅಳಿಸಬೇಡಿರಿ. ಹಳೆಯ ಲೆಕ್ಕದ ಪುಸ್ತಕವನ್ನು ಒಲೆಗೆ ಹಾಕಬೇಡಿರಿ. ವಸ್ತುವನ್ನು ತಂದವರು ಯಾರು, ಎಲ್ಲಿಂದ, ಯಾವ ಸಂವತ್ಸರದಲ್ಲಿ ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ಮುಖ್ಯವಾಗಿ, ಕಥೆ ಹೇಳುವ ಗಂಡಸರನ್ನಷ್ಟೇ ಅಲ್ಲದೆ, ಅದನ್ನು ತೊಳೆದು ತುಂಬಿದ ಹೆಂಗಸರನ್ನು ಕೇಳಿರಿ.

ಭರಣಿ ಈಗ ಕಡಬದಲ್ಲಿಯೇ ಇದೆ. ಈ ಬೇಸಿಗೆಯಲ್ಲಿ ತಮ್ಮನ ಮನೆಯವರು ಅದರಲ್ಲಿ ಮತ್ತೆ ಉಪ್ಪುಸೊಳೆ ಹಾಕಿದ್ದಾರೆ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ: ವಿಕ್ರಮ ಸಂವತ್ಸರ, 1940, ಪುತ್ತೂರಿನ ಜಾತ್ರೆಯಲ್ಲಿ ಕೊಂಡದ್ದು. ಅದರ ಕೆಳಗೆ ಅಜ್ಜಿಯವರ ಹೆಸರನ್ನು ಬರೆದಿದ್ದೇವೆ.