ಬಣ್ಣವಿರಲಿ, ಬೆಳಕು ನಿಲ್ಲದಿರಲಿ



ಬಸವ ಜಯಂತಿಯ ನಿಮಿತ್ತ ಶ್ರೀಮಠದಲ್ಲಿ ನಡೆದ ಮಕ್ಕಳ ಬೇಸಿಗೆ ಶಿಬಿರಕ್ಕಾಗಿ ಅನುಭವ ಮಂಟಪದ ಮಾದರಿಯೊಂದನ್ನು ಸಿದ್ಧಪಡಿಸಲಾಯಿತು. ಅಫಜಲಪುರ ತಾಲ್ಲೂಕಿನ ಭಕ್ತ ಯುವಕರೊಬ್ಬರು ತ್ರೀಡಿ ಪ್ರಿಂಟರಿನಲ್ಲಿ ಶರಣರ ಏಳು ಪುಟ್ಟ ಮೂರ್ತಿಗಳನ್ನು ಮಾಡಿ ತಂದಿದ್ದರು. ಮಂಜು ಕವಿದ ಗಾಜಿನಂತಹ ಪ್ಲಾಸ್ಟಿಕ್. ಪ್ರತಿ ಪೀಠದ ಕೆಳಗೊಂದು ಸಣ್ಣ ಎಲ್‌ಇಡಿ ದೀಪ. ದೀಪ ಹೊತ್ತಿಸಿದೊಡನೆ ಮೂರ್ತಿಯು ಒಳಗಿನಿಂದಲೇ ಬೆಳಗುತ್ತಿತ್ತು. "ಬಣ್ಣ ಹಚ್ಚಿರಿ, ಆದರೆ ಬೆಳಕು ಹಾಗೇ ಇರಲಿ" ಎಂದು ಪೂಜ್ಯ ಅಪ್ಪಗಳು ಆ ಕಾರ್ಯವನ್ನು ನನಗೆ ಒಪ್ಪಿಸಿದರು.

ನಾನು ಮೊದಲು ಕೈಗೆತ್ತಿಕೊಂಡದ್ದು ಅಲ್ಲಮಪ್ರಭುದೇವರ ಮೂರ್ತಿಯನ್ನು. ಗೋಡೆಗೆ ಬಣ್ಣ ಬಳಿಯುವವರು ಮೊದಲು ಬಿಳಿಯ ಪ್ರೈಮರ್ ಹಚ್ಚುವುದನ್ನು ಕಂಡಿದ್ದ ನಾನು ಇಲ್ಲಿಯೂ ಹಾಗೆಯೇ ಮಾಡಿ, ಅದರ ಮೇಲೆ ಅಕ್ರಿಲಿಕ್ ಬಣ್ಣವನ್ನು ಎರಡು ಸಲ ತೀಡಿದೆ. ಹಗಲಿನಲ್ಲಿ ಮೂರ್ತಿ ಬಹಳ ಸೊಗಸಾಗಿ ಕಂಡಿತು. ಸಂಜೆ ದೀಪ ಹೊತ್ತಿಸಿದಾಗ ಉಳಿದ ಆರು ಮೂರ್ತಿಗಳು ಬೆಳಗಿದವು; ಬಯಲನ್ನು ಬೋಧಿಸಿದ ಪ್ರಭುದೇವರ ಮೂರ್ತಿ ಮಾತ್ರ ಕಗ್ಗಲ್ಲಿನಂತೆ ನಿಂತಿತು.

ಶಿಬಿರಕ್ಕೆ ಆಳಂದದಿಂದ ಬಂದಿದ್ದ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಅದನ್ನು ನೋಡಿ, "ಸರ್, ಬಿಳಿ ಬಣ್ಣ ಹಚ್ಚಬಾರದಿತ್ರಿ. ಹಿಂದ ದೀಪ ಇಟ್ಕೊಂಡು ಗ್ಲಾಸ್ ಪೇಂಟ್ ಹಚ್ಚಬೇಕ್ರಿ" ಎಂದಳು. ಮರುದಿನದಿಂದ ಆಕೆ ಗುರು, ನಾನು ಶಿಷ್ಯ.

ಕಾರಣ ಸರಳವಾದುದು. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡಿನ ಕಣಗಳು ಬೆಳಕನ್ನು ಚದುರಿಸಿ ಹಿಂದಕ್ಕೆ ಅಟ್ಟುತ್ತವೆ. ಪಾರದರ್ಶಕ ಬಣ್ಣಗಳಾದರೋ ಬೆಳಕಿಗೆ ತಮ್ಮ ಛಾಯೆಯನ್ನು ಕೊಟ್ಟು ದಾರಿ ಬಿಡುತ್ತವೆ. ಆದುದರಿಂದ ಮೂರ್ತಿಯನ್ನು ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು, ಪ್ರೈಮರ್ ಕೂಡದು. ಬಣ್ಣವನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆಯೇ ಮತ್ತೊಂದು ಪದರವನ್ನು ಹಚ್ಚಬೇಕು. ನಮ್ಮ ಭೀಮಾತೀರದ ಬೇಸಿಗೆಯಲ್ಲಿ ಬಣ್ಣ ಕುಂಚದಲ್ಲಿಯೇ ಒಣಗಿ ಅಂಚುಗಟ್ಟುವುದರಿಂದ ಬೆಳಗಿನ ತಂಪು ಹೊತ್ತೇ ಲೇಸು. ಕೊನೆಯಲ್ಲಿ ಹೊಳಪಿನ ವಾರ್ನಿಷ್ ಹಚ್ಚಿದರೆ ಮೇಲ್ಮೈಯ ಸಣ್ಣ ಗೀರುಗಳು ತುಂಬಿ ಮೂರ್ತಿ ಇನ್ನಷ್ಟು ತಿಳಿಯಾಗುತ್ತದೆ. ಹೊಳಪಿಲ್ಲದ ವಾರ್ನಿಷ್ ಮತ್ತೆ ಮಂಜು ಕವಿಸುತ್ತದೆ. ಕಣ್ಣು, ವಿಭೂತಿಗಳಂತಹ ಚುಕ್ಕೆಯಷ್ಟು ಜಾಗಕ್ಕೆ ಮಾತ್ರ ದಟ್ಟ ಬಣ್ಣ ಸಾಕು.

ಇದು ನಮ್ಮ ನಾಡಿಗೆ ಹೊಸ ವಿದ್ಯೆಯೇನಲ್ಲ. ತೊಗಲುಗೊಂಬೆಯವರು ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬೆಳಕನ್ನು ತಡೆಯದ ಬಣ್ಣವನ್ನೇ ಊಡಿಸುತ್ತಾರೆ. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ಕಲೆ ಇದೇ. ಆ ಗೊಂಬೆಗಳಿಗೆ ಜೀವ ಬರುವುದು ಹಿಂದಿನ ದೀಪದಿಂದ.

ಕುಂಚ ಹಿಡಿದು ಕುಳಿತಿದ್ದಾಗ, ನುಡಿಯು ಹೇಗಿರಬೇಕೆಂದು ಬಸವಣ್ಣನವರು ಹೇಳಿದ, ನಾವೆಲ್ಲರೂ ಬಾಲ್ಯದಿಂದ ಬಾಯಿಪಾಠ ಮಾಡಿರುವ ವಚನ ನೆನಪಾಯಿತು. ಅಲ್ಲಿ ಅವರು ಮುತ್ತನ್ನೂ ಮಾಣಿಕ್ಯವನ್ನೂ ಸ್ಫಟಿಕವನ್ನೂ ಅನುಕ್ರಮವಾಗಿ ಹೆಸರಿಸುತ್ತಾರೆ. ಮುತ್ತಿಗೆ ಕಾಂತಿಯುಂಟು, ಆದರೆ ಅದರ ಆಚೆಯದು ಕಾಣದು. ಮಾಣಿಕ್ಯದಲ್ಲಿ ಅತ್ಯಲ್ಪ ಕ್ರೋಮಿಯಂ ಬೆರೆತು ಕೆಂಪು ಬಂದಿರುತ್ತದೆ; ಬಣ್ಣವಿದ್ದರೂ ಬೆಳಕು ಹಾಯುತ್ತದೆ. ಸ್ಫಟಿಕಕ್ಕೆ ತನ್ನದೆಂಬ ಬಣ್ಣವೇ ಇಲ್ಲ. ಇದು ಅಲಂಕಾರದ ಪಟ್ಟಿಯಷ್ಟೇ ಅಲ್ಲ, ನುಡಿಯು ತನ್ನನ್ನು ತಾನು ಕಳೆದುಕೊಳ್ಳುತ್ತ ಹೋಗುವ ಮೂರು ಮೆಟ್ಟಿಲುಗಳೆಂದು ನನಗೆ ಅಂದು ತೋರಿತು. ಬಸವಣ್ಣನವರು ಬಣ್ಣವನ್ನು ಬೇಡವೆನ್ನಲಿಲ್ಲ; ಮಾಣಿಕ್ಯಕ್ಕೂ ಅಲ್ಲಿ ಸ್ಥಾನವುಂಟು. ಆದರೆ ವಚನದ ಕೊನೆಯಲ್ಲಿ ಆ ಎಲ್ಲ ನುಡಿಯನ್ನೂ ನಡೆಯ ಒರೆಗೆ ಹಚ್ಚುತ್ತಾರೆ.

ಆ ಒರೆಗೆ ನಾನು ನಿಲ್ಲಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಒಂದು ವರ್ಷದ ಹಿಂದೆ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, 'ಅಖಂಡೇಶ್ವರ' ಅಂಕಿತದ ಜೇವರ್ಗಿಯ ಷಣ್ಮುಖ ಶಿವಯೋಗಿಗಳ ಒಂದು ವಚನದ ಮೇಲೆ ಒಂದು ಗಂಟೆ ಮಾತನಾಡಿದ್ದೆ. ಪಾಠಾಂತರ, ಷಟ್‌ಸ್ಥಲದ ಪರಿಭಾಷೆ, ಛಂದಸ್ಸು, ಹೀಗೆ ಓದಿದ್ದೆಲ್ಲವನ್ನೂ ಬಳಿದೆ. ಕೊನೆಗೆ ವೃದ್ಧ ತಾಯಿಯೊಬ್ಬರು ಹತ್ತಿರ ಬಂದು, "ಮಾತ ಭಾಳ ಛಂದ ಆಡಿದ್ರಿ ಯಪ್ಪಾ. ಆದ್ರ ವಚನ ಎಲ್ಲಿ ಹೋಯ್ತು?" ಎಂದರು. ಅದನ್ನು ಅಂದು ನಾನು ಅರಿಯದವರ ಮಾತೆಂದು ಬಗೆದು ಮನದಲ್ಲೇ ನಕ್ಕಿದ್ದೆ. ದೀಪದ ಮುಂದೆ ಕಪ್ಪಾಗಿ ನಿಂತ ಮೂರ್ತಿಯನ್ನು ಕಂಡಾಗ ಆ ತಾಯಿಯ ಪ್ರಶ್ನೆಯ ಅರ್ಥ ತಿಳಿಯಿತು. ಆಕೆಗೆ ಕಾಣಬೇಕಾಗಿದ್ದುದು ವಚನದ ಬೆಳಕು. ನಾನು ತೋರಿಸಿದ್ದು ನನ್ನ ಬಣ್ಣವನ್ನು.

ಪ್ರಭುದೇವರ ಮೂರ್ತಿಯನ್ನು ಸ್ಪಿರಿಟ್ ಹಾಗೂ ಹಲ್ಲುಜ್ಜುವ ಬ್ರಷ್ಷಿನಿಂದ ಎರಡು ದಿನ ಉಜ್ಜಿದೆ. ಬೆಳಕು ಮರಳಿ ಬಂದಿತು. ವಸ್ತ್ರದ ಮಡಿಕೆಗಳಲ್ಲಿ ಬಿಳುಪು ಇನ್ನೂ ಉಳಿದಿದೆ. ಹಚ್ಚುವುದು ಸುಲಭ, ಕಳೆಯುವುದು ಕಷ್ಟ.

ಈಗ ವ್ಯಾಖ್ಯಾನ ಬರೆದು ಮುಗಿಸಿದ ಮೇಲೆ ವಚನವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದುತ್ತೇನೆ. ನನ್ನ ಮಾತಿನ ಮೂಲಕ ಅದು ಕಾಣದಿದ್ದರೆ ಮಾತನ್ನು ಅಳಿಸುತ್ತೇನೆ. ಆ ಹಳ್ಳಿಗೆ ಮತ್ತೊಮ್ಮೆ ಹೋಗಿ ಆ ತಾಯಿಯ ಮುಂದೆ ಕುಳಿತು, ಅದೇ ವಚನವನ್ನು ಸುಮ್ಮನೆ ಓದಿ ಬರಬೇಕೆಂದಿದ್ದೇನೆ.