ಮಂಗಳವಾರದ ಪಾಠ

“ಸರಿಯಾಗಿ ಓದದಿದ್ದರೆ ನಿನ್ನನ್ನೂ ಪಾರ್ಲರ್ ಕೆಲಸಕ್ಕೆ ಸೇರಿಸಿಬಿಡ್ತೀನಿ ನೋಡು!”

ಐಬ್ರೋ ಮಾಡಿಸಿಕೊಳ್ಳಲು ಬಂದ ತಾಯಂದಿರು ಪಕ್ಕದಲ್ಲಿ ಕೂತ ಮಗಳನ್ನು ಹೀಗೆ ಗದರುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರ ಹುಬ್ಬಿನ ಮೇಲೆ ದಾರ ಆಡಿಸುತ್ತಿರುವವಳಿಗೆ ಈ ಮಾತು ಚುಚ್ಚಬಹುದೆಂದು ಅವರಿಗೆ ಹೊಳೆಯುವುದಿಲ್ಲ. ಬಹಳ ವರ್ಷ ನನಗೂ ಅದು ಚುಚ್ಚಿರಲಿಲ್ಲ. ಏಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ. ಪಿಯುಸಿ ಮುಗಿಸಿ, 1998ರಲ್ಲಿ ತುಮಕೂರಿನಲ್ಲಿ ಆರು ತಿಂಗಳ ಕೋರ್ಸು ಮಾಡಿ, ಮರುವರ್ಷ ತಿಪಟೂರಿನಲ್ಲಿ ಎರಡು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಅಂಗಡಿ ತೆರೆದಾಗಲೇ ಓದಿಗೆ ಮಂಗಳ ಹಾಡಿದ್ದೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾಯಿತಲ್ಲ, ಇನ್ನೇನು?

2016ರಲ್ಲಿ ಹೈಸ್ಕೂಲಿನ ನಮ್ಮ ಟೀಚರ್ ನಿವೃತ್ತರಾದರು. ಶನಿವಾರ ಸನ್ಮಾನ, ಗುರುವಾರ ಸಂಜೆ ಕೂದಲಿಗೆ ಬಣ್ಣ ಹಾಕಿಸಿಕೊಳ್ಳಲು ಬಂದರು. ಆರೇಳು ವರ್ಷದಿಂದ ನನ್ನ ಕೈಯಲ್ಲೇ ಹಾಕಿಸಿಕೊಳ್ಳುತ್ತಿದ್ದವರು. “ಹೋದ ಸಲ ಕಿವಿಯ ಹಿಂದೆ ಸ್ವಲ್ಪ ತುರಿಸಿತ್ತು ಕಣೇ” ಎಂದರು. “ಅದೆಲ್ಲ ಮಾಮೂಲು ಟೀಚರ್, ಕೊಬ್ಬರಿ ಎಣ್ಣೆ ಹಚ್ಚಿ, ಹೋಗುತ್ತೆ” ಎಂದು ನಾನು ಬ್ರಶ್ಶು ಕೈಗೆ ತೆಗೆದುಕೊಂಡೆ.

ಶುಕ್ರವಾರ ರಾತ್ರಿಯ ಹೊತ್ತಿಗೆ ಅವರ ಮುಖ ಊದಿ, ಕಣ್ಣು ತೆರೆಯಲಾಗದ ಸ್ಥಿತಿ. ಸನ್ಮಾನದ ದಿನ ಅವರು ಆಸ್ಪತ್ರೆಯ ಮಂಚದ ಮೇಲಿದ್ದರು. ಅಷ್ಟು ವರ್ಷ ಪಾಠ ಹೇಳಿದ್ದಕ್ಕೆ ಹೊದಿಸಬೇಕಾಗಿದ್ದ ಶಾಲನ್ನು ಅವರ ಮಗ ಹೋಗಿ ಇಸಿದುಕೊಂಡು ಬಂದ.

ನೋಡಲು ಹೋದಾಗ ಟೀಚರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆ ಪೆಟ್ಟಿಗೆಯ ಮೇಲೆ ಏನು ಬರೆದಿತ್ತು, ಓದಿದ್ದೆಯಾ?” ಎಂದಷ್ಟೇ ಕೇಳಿದರು.

ಓದಿರಲಿಲ್ಲ. ಆ ರಾತ್ರಿ ಅಂಗಡಿಯ ಬಾಗಿಲು ಹಾಕಿಕೊಂಡು ಓದಿದೆ. ಸಣ್ಣ ಅಕ್ಷರದಲ್ಲಿ ಎಲ್ಲವೂ ಇತ್ತು: ಕೆಲವರ ಚರ್ಮಕ್ಕೆ ಇದು ಒಗ್ಗದಿರಬಹುದು, ಮೊದಲು ಪರೀಕ್ಷಿಸಿ ನೋಡಿ, ಹುಬ್ಬು ರೆಪ್ಪೆಗಳಿಗೆ ಹಚ್ಚಬೇಡಿ. ಒಳಗಿನ ಚೀಟಿಯಲ್ಲಿ, ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಬೇಕು ಎಂದಿತ್ತು. ಹದಿನೇಳು ವರ್ಷದಲ್ಲಿ ಅಂಥ ಸಾವಿರಾರು ಪೆಟ್ಟಿಗೆಗಳನ್ನು ಹರಿದು ಬುಟ್ಟಿಗೆ ಎಸೆದಿದ್ದೆ.

ಕಪ್ಪು ಬಣ್ಣದ ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕದ ಹೆಸರನ್ನು ನಾನು ಕೇಳಿದ್ದು ಆಮೇಲೆ, ಚರ್ಮದ ಡಾಕ್ಟರ ಬಾಯಲ್ಲಿ. ಅದು ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಮೈಗೆ ಆಗದೆ ಹೋಗಬಹುದಂತೆ. ಒಮ್ಮೆ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಜನ್ಮಪೂರ್ತಿ ಬಿಡುವುದಿಲ್ಲ. ಟೀಚರ್ ಹೇಳಿದ ಆ ಸಣ್ಣ ತುರಿಕೆ ಅದರ ಮುನ್ಸೂಚನೆಯಾಗಿತ್ತು. ಮದುವೆ ಮನೆಗಳಲ್ಲಿ ಹಾಕುವ ‘ಕಪ್ಪು ಮೆಹಂದಿ’ಯಲ್ಲೂ ಎಷ್ಟೋ ಸಲ ಇದನ್ನೇ ಬೆರೆಸಿರುತ್ತಾರೆ. ಅಪ್ಪಟ ಗೋರಂಟಿ ಕೆಂಪಾಗುತ್ತದೆಯೇ ಹೊರತು ಕಾಡಿಗೆಯಂತೆ ಕಪ್ಪಾಗುವುದಿಲ್ಲ ಎಂಬುದನ್ನು ನಮ್ಮ ಅಜ್ಜಿಯೂ ಬಲ್ಲಳು. ನಾನು ಯೋಚಿಸಿರಲಿಲ್ಲ.

ಮತ್ತೆ ಓದಬೇಕು ಎಂದು ನಿರ್ಧರಿಸಿದೆ. ಆದರೆ ಯಾವಾಗ? ಕಾಸ್ಮೆಟಿಕ್ಸ್ ಕಂಪನಿಗಳು ತರಬೇತಿ ಶಿಬಿರ ಇಡುವುದು ಭಾನುವಾರ. ನಮಗೆ ನಾಲ್ಕು ಕಾಸು ಹುಟ್ಟುವುದೂ ಭಾನುವಾರವೇ. ಒಂದೆರಡಕ್ಕೆ ಹೋಗಿಯೂ ಬಂದೆ. ಅರ್ಧ ದಿನ ಪಾಠ, ಅರ್ಧ ದಿನ ಆ ಕಂಪನಿಯ ಕ್ರೀಮಿನ ಗುಣಗಾನ. ಕಲಿಸುವವರು ಯಾರು, ಮಾರುವವರು ಯಾರು ಎಂದು ಮೊದಲು ವಿಂಗಡಿಸಿಕೊಳ್ಳಬೇಕೆಂಬುದೇ ಅಲ್ಲಿ ನಾನು ಕಲಿತ ಪಾಠ.

ಬಿಡುವು ಹುಡುಕಿಕೊಟ್ಟದ್ದು ಗೋಡೆಯ ಮೇಲಿನ ಕ್ಯಾಲೆಂಡರು. ನಮ್ಮ ಕಡೆ ಮಂಗಳವಾರ ಯಾರೂ ಕೂದಲು ಕತ್ತರಿಸಿಕೊಳ್ಳುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಮದುವಣಗಿತ್ತಿಯ ಅಲಂಕಾರವಿಲ್ಲ. ಪಿತೃಪಕ್ಷ, ಧನುರ್ಮಾಸವೂ ಹಾಗೆಯೇ. ಅಷ್ಟು ವರ್ಷವೂ ಆ ದಿನಗಳಲ್ಲಿ ನೊಣ ಹೊಡೆಯುತ್ತಾ ವ್ಯಾಪಾರವಿಲ್ಲವೆಂದು ಗೊಣಗುತ್ತಿದ್ದೆ. ಜನರ ನಂಬಿಕೆ ನನಗೆ ವರ್ಷಕ್ಕೆ ಐವತ್ತಕ್ಕೂ ಹೆಚ್ಚು ಮಂಗಳವಾರಗಳನ್ನು ಪುಕ್ಕಟೆಯಾಗಿ ಕೊಟ್ಟಿತ್ತು!

ಮೊದಲ ಗುರು ಮನೆಯಲ್ಲೇ ಸಿಕ್ಕಳು. 2017ರಲ್ಲಿ ಮಗಳು ಮೊದಲ ಪಿಯುಸಿ. ಒಂದು ಮಂಗಳವಾರ ಸಂಜೆ ಅವಳು ಕೆಮಿಸ್ಟ್ರಿ ಪುಸ್ತಕ ಹಿಡಿದು, ಹೈಡ್ರೋಜನ್ ಪೆರಾಕ್ಸೈಡಿನ ‘20 ವಾಲ್ಯೂಮ್’ ಲೆಕ್ಕ ತಲೆಗೆ ಹತ್ತದೆ ಒದ್ದಾಡುತ್ತಿದ್ದಳು. ನಾನು ಬೆಚ್ಚಿದೆ. ನಮ್ಮ ಡೆವಲಪರ್ ಬಾಟಲಿಯ ಮೇಲೆ ಇರುವುದೂ ಅದೇ! ಬಾಟಲಿ ತಂದು ಅವಳ ಮುಂದಿಟ್ಟೆ. ಒಂದು ಲೀಟರ್ ದ್ರಾವಣದಿಂದ 20 ಲೀಟರ್ ಆಮ್ಲಜನಕ ಹೊರಡಬಲ್ಲದು, ಎಂದರೆ ಸುಮಾರು ಶೇಕಡಾ 6ರಷ್ಟು ಪೆರಾಕ್ಸೈಡ್ ಎಂದು ಅವಳು ಲೆಕ್ಕ ಮಾಡಿ ತೋರಿಸಿದಳು. 40 ವಾಲ್ಯೂಮ್ ಎಂದರೆ ಅದರ ಎರಡರಷ್ಟು; ಅದು ತಲೆಯನ್ನು ಏಕೆ ಉರಿಸುತ್ತದೆಂದು ನನಗೆ ಅಂದು ಗೊತ್ತಾಯಿತು. ಈ ಲೆಕ್ಕ ಯಾವ ಕೆಲಸಕ್ಕೆ ಬರುತ್ತದೆಂದು ಅವಳಿಗೂ ಅಂದೇ ಗೊತ್ತಾಯಿತು. ಆಮೇಲೆ ಮಂಗಳವಾರ ಸಂಜೆ ಊಟದ ಮೇಜಿನ ಎರಡು ತುದಿಗೆ ಇಬ್ಬರು ವಿದ್ಯಾರ್ಥಿನಿಯರು. ಅವಳಿಗೆ “ಓದು” ಎಂದು ಹೇಳುವ ಕೆಲಸ ನನಗೆ ಉಳಿಯಲಿಲ್ಲ.

2018ರ ಆಷಾಢದಲ್ಲಿ ನಾಲ್ಕು ಮಂಗಳವಾರ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಒಂದು ಸಣ್ಣ ಕೋರ್ಸು ಮುಗಿಸಿದೆ. ತರಗತಿಯಲ್ಲಿ ನಾನೇ ಹಿರಿಯಳು. ಐಬ್ರೋ ಮಾಡುವಾಗ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬಾರದು, ಎಂಜಲಿನಿಂದ ಸೋಂಕು ತಗಲಬಹುದು, ಕುತ್ತಿಗೆಗೆ ಕಟ್ಟಿಕೊಳ್ಳಬೇಕು ಎಂದರು. ಹತ್ತೊಂಬತ್ತು ವರ್ಷದ ಅಭ್ಯಾಸ ಬಿಡಲು ಎರಡು ತಿಂಗಳು ಹಿಡಿಯಿತು. ಕೂದಲು ನೇರ ಮಾಡುವ ಕೆಲವು ಕೆರಾಟಿನ್ ದ್ರಾವಣಗಳು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್‌ಕಾರಕವೆಂದು ಗುರುತಿಸಿದೆ ಎಂದೂ ಕಲಿತೆ. ಗಿರಾಕಿ ವರ್ಷಕ್ಕೊಮ್ಮೆ ಉಸಿರಾಡಿ ಹೋದಾಳು. ದಿನವಿಡೀ ಪಕ್ಕದಲ್ಲಿ ನಿಲ್ಲುವವರು ನನ್ನ ಇಬ್ಬರು ಸಹಾಯಕಿಯರು. ಅವರ ಕಣ್ಣುರಿಯನ್ನೂ ನಾನು ‘ಮಾಮೂಲು’ ಎಂದೇ ಅಂದುಕೊಂಡಿದ್ದೆ. ಅಂಥ ದ್ರಾವಣ ತರಿಸುವುದು ನಿಲ್ಲಿಸಿದೆ. ಒಂದಷ್ಟು ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ನಷ್ಟ ಆಗಲಿಲ್ಲ ಎಂದು ಸುಳ್ಳು ಹೇಳಲಾರೆ.

ಈ ಕೆಲಸಕ್ಕೆ ಮಕ್ಕಳನ್ನು ಕಳಿಸುವ ತಂದೆ ತಾಯಿಯರಿಗೆ ಒಂದು ಮಾತು. ಐಟಿಐಗಳಲ್ಲಿ ಕಾಸ್ಮೆಟಾಲಜಿಗೆ ಒಂದು ವರ್ಷದ ಕೋರ್ಸು ಇದೆ. ಖಾಸಗಿ ಕೋರ್ಸಾದರೆ ಕೈಕೆಲಸದ ಜೊತೆಗೆ ಚರ್ಮ, ಕೂದಲು, ರಾಸಾಯನಿಕ, ಶುಚಿತ್ವದ ಪಾಠವೂ ಇದೆಯೇ ಎಂದು ಕೇಳಿ ಸೇರಿಸಿ. ಕೋರ್ಸು ಮುಗಿದ ಮೇಲೆ ಪುಸ್ತಕ ಮಡಿಸಿಡಲು ಬಿಡಬೇಡಿ.

ಟೀಚರ್ ಆರು ತಿಂಗಳ ಮೇಲೆ ಮತ್ತೆ ಬಂದರು. ತಲೆತುಂಬ ಬಿಳಿಗೂದಲು. “ಬಣ್ಣ ಬೇಡ ಕಣೇ, ತುದಿ ಕತ್ತರಿಸು ಸಾಕು” ಎಂದರು. ನನ್ನ ಕೈ ನಡುಗುತ್ತಿತ್ತು. ಕನ್ನಡಿಯಲ್ಲಿ ನೋಡಿದರೂ ಏನೂ ಅನ್ನಲಿಲ್ಲ. ಈಗಲೂ ಬರುತ್ತಾರೆ. ಕುರ್ಚಿಯಲ್ಲಿ ಕೂರುವ ಮೊದಲು, “ಈ ವಾರ ಏನು ಓದಿದೆ?” ಎಂದು ಕೇಳುತ್ತಾರೆ. ಮನೆಗೆಲಸ ಒಪ್ಪಿಸುವ ಹುಡುಗಿಯಂತೆ ನಾನು ಹೇಳುತ್ತೇನೆ.

ಮೊನ್ನೆ ಒಬ್ಬ ತಾಯಿ ಮಗಳಿಗೆ ಅದೇ ಹಳೆಯ ಬೆದರಿಕೆ ಹಾಕಿದರು. ಈ ಸಲ ನಾನು ಸುಮ್ಮನಿರಲಿಲ್ಲ. “ಓದದಿದ್ದರೆ ಇಲ್ಲಿಗೆ ಸೇರಿಸಿಕೊಳ್ಳೋದಿಲ್ಲ ಮೇಡಂ” ಎಂದೆ. ಆಕೆ ನಕ್ಕು, ಹಾಗಾದರೆ ತಲೆಗೆ ಡೈ ಹಾಕಿಬಿಡಿ ಎಂದರು. ಕಿವಿಯ ಹಿಂದೆ ಚೂರು ಹಚ್ಚಿ, ಎರಡು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ.