ನಂಬರ್ ಬಂತೇನ್ರಿ?

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಪುಣೆಗೆ ಬರುವವರಿಗೆ ವಾಕಡ ಅಂದರೆ ಬೆಳಗಿನ ಜಾವದ ಒಂದು ಕೂಗು. "ವಾಕಡ, ವಾಕಡ" ಎಂದು ಕ್ಲೀನರ್ ಕೂಗುತ್ತಲೇ ಕಾಲಿನಿಂದ ಚಪ್ಪಲಿ ಹುಡುಕಿ, ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಇಳಿಸಿಕೊಂಡು ಹೆದ್ದಾರಿಯ ಬದಿಗೆ ನಿಲ್ಲುವುದು. ರಿಕ್ಷಾದವರು ಸುತ್ತುವರಿಯುವ ಹೊತ್ತಿಗೆ ನಿದ್ದೆ ಪೂರ್ತಿ ಹಾರಿರುತ್ತದೆ. ನಮ್ಮ ಸಂಘದ ಕಿರಿಯರಲ್ಲಿ ಬಹಳ ಜನ ಈಗ ಇಲ್ಲಿಯೇ ಮನೆ ಮಾಡಿದ್ದೀರಿ, ಹಿಂಜವಡಿಯ ಕಂಪನಿಗಳಿಗೆ ಇಲ್ಲಿಂದಲೇ ಹೋಗಿ ಬರುತ್ತೀರಿ. ಆದ್ದರಿಂದ ಊರಿನ ವರ್ಣನೆ ನಿಮಗೆ ಬೇಕಾಗಿಲ್ಲ. ಆದರೂ ಎರಡು ಮಾತು ಹೇಳಿಬಿಡುತ್ತೇನೆ.

ವಾಕಡ 1997ರಲ್ಲಿ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿತು. ಅದಕ್ಕೆ ಮುಂಚೆ ಅದು ಹೊಲಗದ್ದೆಗಳ ಹಳ್ಳಿ. ಗ್ರಾಮದೇವರು ಮ್ಹಾತೋಬಾ. ಚೈತ್ರ ಹುಣ್ಣಿಮೆಯ ಸುಮಾರಿಗೆ ಹಿಂಜವಡಿ ಮತ್ತು ವಾಕಡ ಎರಡೂ ಊರು ಕೂಡಿ ಮಾಡುವ ಮ್ಹಾತೋಬಾನ ಜಾತ್ರೆ, ಬಗಾಡದ ಮೆರವಣಿಗೆ ಈಗಲೂ ನಿಂತಿಲ್ಲ. ಗಾಜಿನ ಕಟ್ಟಡಗಳ ನಡುವೆ ಭಂಡಾರ ಹಾರುವುದನ್ನು ಒಮ್ಮೆಯಾದರೂ ನೋಡಿ. ಮುಳಾ ನದಿ ದಾಟಿದರೆ ಬಾಲೇವಾಡಿ, 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಕ್ರೀಡಾ ಸಂಕೀರ್ಣ. ಇಷ್ಟು ಸಾಕು.

ನಾನು ಬರೆಯಹೊರಟದ್ದು ವಾಕಡದಿಂದ ಔಂಧ್ ಕಡೆಗೆ ಹೋಗುವ ದಾರಿಯ ಬಗ್ಗೆ. ಜಗತಾಪ್ ಡೇರಿ ದಾಟಿ ಮುಂದೆ ಹೋದರೆ ರಕ್ಷಕ ಚೌಕ ಸಿಗುತ್ತದೆ. ಅಲ್ಲಿಂದ ಔಂಧ್‌ನ ಮಿಲಿಟರಿ ಕ್ಯಾಂಪಿನ ಗಡಿ. ಇತ್ತ ಗೋಪುರದಂಥ ಅಪಾರ್ಟ್‌ಮೆಂಟುಗಳು, ಅತ್ತ ಒಮ್ಮೆಲೇ ದೊಡ್ಡ ಮರಗಳು, ನೆರಳು, ನಿಶ್ಶಬ್ದ. ಹೋದ ವರ್ಷ ಒಂದು ಸಂಜೆ ಆ ದಾರಿಯಲ್ಲಿ ಬರುವಾಗ ನನ್ನ ಮಗಳು ಕೇಳಿದಳು: "ಅಮ್ಮಾ, ಇಲ್ಲಿ ಎಷ್ಟು ಚಲೋ ಅದ. ಈ ಮನೀ ಯಾರಿಗೆ ಕೊಡ್ತಾರ? ಬಾಡಿಗಿಗೆ ಸಿಗ್ತಾವೇನು?"

ನಗು ಬಂತು. ಇಂಥ ಮನೆಯಲ್ಲಿ ನಾನು ಹುಡುಗಿಯಾಗಿದ್ದಾಗ ಎರಡೂವರೆ ವರ್ಷ ಇದ್ದವಳು. ಅದಕ್ಕಾಗಿ ನಮ್ಮ ಅವ್ವ ಕಾದದ್ದು ಅದಕ್ಕಿಂತ ಹೆಚ್ಚು. ಮಗಳಿಗೆ ಅದನ್ನು ಯಾವತ್ತೂ ಹೇಳಿರಲಿಲ್ಲ.

ಸೈನ್ಯದಲ್ಲಿ ಮನೆ ಕೊಡುವ ಕ್ರಮ ಹೀಗಿದೆ. ಪ್ರತಿಯೊಂದು ಠಾಣ್ಯಕ್ಕೂ ಅದರದೇ ಪಟ್ಟಿ. ವರ್ಗವಾಗಿ ಬಂದವನು ಹೆಸರು ಬರೆಸಬೇಕು, ಜ್ಯೇಷ್ಠತೆಯ ಪ್ರಕಾರ ಕಾಯಬೇಕು. ಆಫೀಸರರಿಗೆ ಒಂದು ಪಟ್ಟಿ, ಜೆ.ಸಿ.ಓ.ಗಳಿಗೆ ಒಂದು, ಜವಾನರಿಗೆ ಒಂದು. ಮನೆಯ ದೊಡ್ಡಸ್ತಿಕೆ ನಿಂತಿರುವುದು ಹೆಗಲ ಮೇಲಿನ ಪಟ್ಟಿಯ ಮೇಲೆ, ಮಕ್ಕಳ ಸಂಖ್ಯೆಯ ಮೇಲಲ್ಲ. ನಾಲ್ಕು ಮಕ್ಕಳ ಸಿಪಾಯಿಗೂ ಒಂದೇ ಮಗುವಿನ ಸಿಪಾಯಿಗೂ ಒಂದೇ ಅಳತೆ. ಕೆಲವು ಹುದ್ದೆಗಳಿಗೆ ಮಾತ್ರ ಮನೆ ಕಟ್ಟಿಟ್ಟ ಬುತ್ತಿ. ಅವರು ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಹಳೆಯ ಲೆಕ್ಕದಲ್ಲಿ ಇನ್ನೊಂದು ಮಾತಿತ್ತು: ಮದುವೆಯಾದ ಜವಾನರೆಲ್ಲರಿಗೂ ಮನೆ ಎಂದು ಸರಕಾರ ಎಂದೂ ಎಣಿಸಿರಲಿಲ್ಲ. ಅವರಲ್ಲಿ ಒಂದು ಪಾಲಿಗಷ್ಟೇ ಮನೆ ಮಂಜೂರು. ಉಳಿದವರ ಹೆಂಡತಿ ಮಕ್ಕಳು ಹಳ್ಳಿಯಲ್ಲಿ.

ಅಪ್ಪ ಹವಾಲ್ದಾರ. ಊರು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ. ಅಪ್ಪನ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ, 56 ಎ.ಪಿ.ಓ. ಅಥವಾ 99 ಎ.ಪಿ.ಓ. ಎಂದಷ್ಟೇ. ಗಂಡ ಯಾವ ಗುಡ್ಡದ ಮೇಲಿದ್ದಾನೆಂದು ಅವ್ವನಿಗೂ ಗೊತ್ತಾಗುತ್ತಿರಲಿಲ್ಲ. ನೀಲಿ ಇನ್‌ಲ್ಯಾಂಡ್ ಪತ್ರ ಬರೆಯುವುದು ನನ್ನ ಕೆಲಸ, ಹೇಳುವುದು ಅವ್ವನದು. ಆಕಳು ಈದದ್ದು, ಆಯಿಯ ಮೊಣಕಾಲು ನೋವು, ಹೊಲದ ಪಾಲು ಎಲ್ಲ ಬರೆಸಿ ಕೊನೆಗೆ ಒಂದೇ ಸಾಲು: "ನಂಬರ್ ಬಂತೇನ್ರಿ?" ಅಪ್ಪ ಶಾಂತಿಯ ಠಾಣ್ಯಕ್ಕೆ ಬಂದು ಹೆಸರು ಬರೆಸಿದ್ದ. ಪಟ್ಟಿ ಮೇಲೇರುವಷ್ಟರಲ್ಲಿ ಮತ್ತೆ ವರ್ಗ. ಹೊಸ ಠಾಣ್ಯ, ಹೊಸ ಪಟ್ಟಿ. ಹಾವು ಏಣಿ ಆಟದಲ್ಲಿ ತೊಂಬತ್ತೆಂಟರ ಮನೆಯ ಹಾವು ಕಚ್ಚಿದ ಹಾಗೆ.

ಕೊನೆಗೊಂದು ಠಾಣ್ಯದಲ್ಲಿ ನಂಬರ್ ಬಂತು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೊಂದು ವರಾಂಡ. ಒಳಗೆ ಹೋಗುವ ದಿನಕ್ಕೆ "ಮಾರ್ಚಿಂಗ್ ಇನ್" ಎನ್ನುತ್ತಾರೆ. ಎಂ.ಇ.ಎಸ್.ನವರು ಪಟ್ಟಿ ಹಿಡಿದು ಬಂದು ಬಲ್ಬು ಎಷ್ಟು, ನಲ್ಲಿ ಎಷ್ಟು, ಕಿಟಕಿಯ ಗಾಜು ಎಷ್ಟು ಎಂದು ಎಣಿಸಿ ಸಹಿ ಹಾಕಿಸಿಕೊಂಡರು. ಮಂಚಕ್ಕೂ ಮೇಜಿಗೂ ನಂಬರು ಬರೆದಿತ್ತು. ನಮ್ಮದೆಂಬುದು ಕಪ್ಪು ಬಣ್ಣದ ಎರಡು ಟ್ರಂಕು ಮಾತ್ರ. ಅವುಗಳ ಮೇಲೂ ಅಪ್ಪನ ನಂಬರು, ದರ್ಜೆ, ಹೆಸರು. ಆ ಮನೆಯಲ್ಲಿ ಅವ್ವ ಮೊದಲು ಮಾಡಿದ ಕೆಲಸ ಹೊಸ್ತಿಲಿಗೆ ಅರಿಸಿನ ಹಚ್ಚಿದ್ದು. ಎರಡನೆಯದು, ಆ ಹಳದಿ ಕಲೆ "ಮಾರ್ಚಿಂಗ್ ಔಟ್" ದಿನ ಲೆಕ್ಕಕ್ಕೆ ಬಂದೀತೇ ಎಂದು ಅಪ್ಪನನ್ನು ಕೇಳಿದ್ದು! ಹೊರಡುವ ದಿನ ಅರಿಸಿನಕ್ಕೆ ಯಾರೂ ಏನೂ ಅನ್ನಲಿಲ್ಲ. ನಾನು ಚೆಂಡು ಹೊಡೆದು ಒಡೆದಿದ್ದ ಗಾಜಿಗೆ ಮಾತ್ರ ದಂಡ ಕಟ್ಟಿದೆವು.

ಅವ್ವ ಮತ್ತು ಅಪ್ಪ ಒಂದೇ ಸೂರಿನಡಿ ಸತತವಾಗಿ ಸಂಸಾರ ಮಾಡಿದ್ದು, ಅಪ್ಪ ಪಿಂಚಣಿಗೆ ಬರುವವರೆಗೆ, ಆ ಎರಡೂವರೆ ವರ್ಷ ಮಾತ್ರ. ಅಪ್ಪನಿಗೆ ಹಾಗಲಕಾಯಿ ಸೇರುವುದಿಲ್ಲ ಎಂದು ಅವ್ವನಿಗೆ ತಿಳಿದದ್ದೇ ಅಲ್ಲಿ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು.

ಈ "ಒಂದು ಪಾಲಿಗಷ್ಟೇ ಮನೆ" ಎಂಬ ಲೆಕ್ಕದ ಬೇರು ಎಲ್ಲಿದೆ ನೋಡಿ. ವಾಕಡದಿಂದ ಸ್ವಲ್ಪ ದೂರದ ಖಡಕಿಯಲ್ಲಿ 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗವಾಯಿತು. ಆಮೇಲೆ ಪುಣೆ, ಖಡಕಿಗಳಲ್ಲಿ ದಂಡು ಬೀಡುಬಿಟ್ಟಿತು. ಆ ಗೋರಾ ಸಿಪಾಯಿಗಳಿಗೆ ಪುಣೆಯೇ ಪರದೇಶ. ಅವರ ಹೆಂಡತಿಯರಲ್ಲಿ ಹಡಗು ಹತ್ತಲು ಯಾರಿಗೆ ಪರವಾನಗಿ? ಆ ಕಾಲದ ಬ್ರಿಟಿಷ್ ನಿಯಮದಲ್ಲಿ ಇಂಡಿಯಾಕ್ಕೆ ಹೊರಟ ನೂರು ಜನರ ಕಂಪನಿಗೆ ಹನ್ನೆರಡು ಹೆಂಗಸರು. ಉಳಿದ ಹೆಚ್ಚಿನ ಕಡೆಗೆ ಆರೇ ಜನ. ಹೆಚ್ಚಾದರೆ ಚೀಟಿ ಎತ್ತುತ್ತಿದ್ದರು. "ಹೋಗುವುದು" ಎಂಬ ಚೀಟಿ ಬಂದವಳು ಹಡಗಿಗೆ, "ಹೋಗದಿರುವುದು" ಎಂಬುದು ಬಂದವಳು ಮಗುವನ್ನೆತ್ತಿಕೊಂಡು ಬಂದರಿನಲ್ಲೇ. ಸಾಹೇಬರ ಅಪ್ಪಣೆ ಪಡೆದು ಮದುವೆಯಾದವನ ಹೆಂಡತಿ ಮಾತ್ರ "ಸ್ಟ್ರೆಂಗ್ತ್ ಮೇಲೆ" ಇದ್ದವಳು, ಅಂದರೆ ದಫ್ತರಿನಲ್ಲಿ ಇದ್ದವಳು. ಉಳಿದವಳು ಎಷ್ಟೇ ಕೂಗಿದರೂ ಹೆಂಡತಿಯೇ ಅಲ್ಲ. ದಫ್ತರಿನಲ್ಲಿದ್ದವಳಿಗೂ ಎಷ್ಟೋ ಕಡೆ ಸಿಕ್ಕದ್ದು ಬ್ಯಾರಕ್ಕಿನ ಒಂದು ಮೂಲೆ, ಮರೆಗೆ ಒಂದು ಕಂಬಳಿ. ನಮ್ಮ ಸೈನ್ಯದಲ್ಲಿ ಸಿಪಾಯಿ ಒಂದು ಘಟಕಕ್ಕೆ ಬಂದರೆ "ಟೇಕನ್ ಆನ್ ಸ್ಟ್ರೆಂಗ್ತ್", ಹೋದರೆ "ಸ್ಟ್ರಕ್ ಆಫ್ ಸ್ಟ್ರೆಂಗ್ತ್" ಎಂದು ಈಗಲೂ ಬರೆಯುತ್ತಾರೆ. ಮಾತು ಉಳಿದುಕೊಂಡಿದೆ.

ನಿಮ್ಮಲ್ಲಿ ಅಮೆರಿಕಕ್ಕೆ ಹೋದವರು, ಅಲ್ಲಿನ ಸೈನ್ಯ ಸೇರಿದ ನಮ್ಮವರ ಮಕ್ಕಳನ್ನು ಬಲ್ಲವರು ಇರಬಹುದು. ಅಲ್ಲಿ ಮನೆಯ ಲೆಕ್ಕಕ್ಕೆ ದರ್ಜೆಯ ಜೊತೆ ಮಕ್ಕಳ ಸಂಖ್ಯೆಯೂ ಸೇರುತ್ತದೆ, ಎಷ್ಟು ಮಲಗುವ ಕೋಣೆ ಬೇಕು ಎಂದು ನೋಡುತ್ತಾರೆ. ಈ ಒಂದು ವಿಷಯದಲ್ಲಿ ಅವರ ನಿಯಮ ನಮ್ಮದಕ್ಕಿಂತ ಮನುಷ್ಯರಿಗೆ ಹತ್ತಿರ ಎಂದು ನನ್ನ ಅಭಿಪ್ರಾಯ. ಆದರೆ ಪರದೇಶಕ್ಕೆ ಸಂಸಾರ ಕರೆದೊಯ್ಯಲು ಅಲ್ಲೂ ಮೇಲಿನವರ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಹೋದವಳಿಗೆ ಸರಕಾರಿ ಮನೆ ಇಲ್ಲ. ನಮ್ಮಲ್ಲಿ ರಾಯಭಾರ ಕಚೇರಿಗೆ ಹೋಗುವ ಸೇನಾಧಿಕಾರಿ ಹೆಂಡತಿ ಮಕ್ಕಳೊಂದಿಗೆ ಹೋಗುತ್ತಾನೆ, ಮನೆಯೂ ಸಿಗುತ್ತದೆ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಹೋಗುವ ಜವಾನ ಒಬ್ಬನೇ ಹೋಗುತ್ತಾನೆ.

ಗಂಡ ಗಡಿಯ ಮೇಲಿದ್ದಾಗ ಹೆಂಡತಿ ಮಕ್ಕಳಿಗೆಂದೇ ಕೆಲವು ಠಾಣ್ಯಗಳಲ್ಲಿ ಬೇರೆ ಮನೆಗಳಿವೆ. ಎಸ್.ಎಫ್. ಕ್ವಾರ್ಟರ್ಸ್ ಎನ್ನುತ್ತಾರೆ, ಅಗಲಿದ ಕುಟುಂಬದ ಮನೆ. ಇಷ್ಟು ನೇರವಾದ ಹೆಸರನ್ನು ಸರಕಾರ ಬೇರೆ ಯಾವುದಕ್ಕೂ ಇಟ್ಟದ್ದನ್ನು ನಾನು ಕಂಡಿಲ್ಲ. ಇನ್ನು 2002ರಲ್ಲಿ ಶುರುವಾದ ಮ್ಯಾರೀಡ್ ಅಕಾಮೊಡೇಶನ್ ಪ್ರಾಜೆಕ್ಟಿನಲ್ಲಿ ದೇಶದಾದ್ಯಂತ ಸುಮಾರು 2 ಲಕ್ಷ ಮನೆ ಕಟ್ಟುವ ಗುರಿ ಇಟ್ಟುಕೊಂಡರು. ಬಹಳಷ್ಟು ಕಟ್ಟಿದ್ದಾರೆ. ಅವ್ವನ ಕಾಲಕ್ಕೂ ಈಗಿಗೂ ಹೋಲಿಕೆ ಸಲ್ಲದು. ಆದರೂ ಪಟ್ಟಿ ಎಂಬುದು ಮುಗಿದಿಲ್ಲ.

ಮುಗಿದಿಲ್ಲವೆಂದು ಹೇಗೆ ಗೊತ್ತೆಂದರೆ, ನಮ್ಮ ಕಟ್ಟಡದ ಹಿಂದಿನ ಚಾಳಿನಲ್ಲಿ ವಿಜಯಪುರದ ಕಡೆಯ ಒಬ್ಬ ಹುಡುಗಿ ಬಾಡಿಗೆಗೆ ಇದ್ದಾಳೆ. ಗಂಡ ಲಾನ್ಸ್ ನಾಯಕ. ಮನೆ ಸಿಗುವತನಕ ಹೊರಗಿರಲು ಭತ್ಯೆ ಬರುತ್ತದೆ, ವಾಕಡದ ಬಾಡಿಗೆಗೆ ಅದು ಸಾಲುವುದಿಲ್ಲ. ತರಕಾರಿ ಅಂಗಡಿಯಲ್ಲಿ ಮೆಂತ್ಯೆಸೊಪ್ಪಿಗೆ ಮರಾಠಿಯಲ್ಲಿ ಏನನ್ನುತ್ತಾರೆಂದು ತಿಳಿಯದೆ ಒದ್ದಾಡುತ್ತಿದ್ದಾಗ ನನಗೆ ಪರಿಚಯವಾದಳು. "ಅಕ್ಕಾರ, ನಮ್ಮ ನಂಬರ್ ನಲವತ್ತೊಂದು ಇತ್ತರಿ. ಈಗ ಹದಿನಾರಕ್ಕ ಬಂದೈತಿ" ಎಂದು ಹೋದ ವಾರ ಮೆಟ್ಟಿಲ ಮೇಲೆ ನಿಂತು ಹೇಳಿದಳು. ಗಂಡನಿಗೆ ಇಲ್ಲಿ ಇನ್ನು ಹನ್ನೊಂದು ತಿಂಗಳು. ಮಗನಿಗೆ ಜೂನ್‌ನಲ್ಲಿ ಶಾಲೆ.

ಮಗಳು ಅಲ್ಲೇ ಇದ್ದಳು. ಬೆರಳು ಮಡಚಿ ಏನೋ ಲೆಕ್ಕ ಹಾಕಿ, "ತಿಂಗಳಿಗೆ ಎಷ್ಟು ಮನೀ ಖಾಲಿ ಆಗ್ತಾವ?" ಎಂದು ಕೇಳಿದಳು.

"ಒಮ್ಮೆ ಮೂರು, ಒಮ್ಮೆ ಒಂದೂ ಇಲ್ಲವ್ವಾ" ಅಂದಳು ಆಕೆ. ಮಗನನ್ನು ಕಂಕುಳಲ್ಲಿ ಸರಿಮಾಡಿಕೊಂಡು, ನಮ್ಮ ಮನೆಯ ಅಟ್ಟದ ಮೇಲಿನ ಕಪ್ಪು ಟ್ರಂಕು ಸ್ವಲ್ಪ ದಿನಕ್ಕೆ ಸಿಗಬಹುದೇ ಎಂದು ಕೇಳಿದಳು. ಕೆಳಗಿಳಿಸಿ, ಒರೆಸಿ ಕೊಟ್ಟೆವು. ಅಪ್ಪನ ಹೆಸರು ಇನ್ನೂ ಅದರ ಮೇಲಿದೆ.